ಹಾಗಲಕಾಯಿ ಸುಮ್ಮನಿದ್ದರೆ

ಬೆಟ್ಟದ ತುದಿಯಿಂದ ಬುಡಕ್ಕೆ ಸೈಕಲ್ಲಿನಲ್ಲಿ ಇಳಿಯುವವರನ್ನೆಲ್ಲ ಹಾಗಲಕಾಯಿ ಎರಡೇ ಗುಂಪು ಮಾಡಿಟ್ಟಿದ್ದ. ಒಂದು, ಬ್ರೇಕು ಹಿಡಿದುಕೊಂಡೇ ಹುಟ್ಟಿದವರು. ಇನ್ನೊಂದು, ಬಿದ್ದ ಮೇಲೆ ದಾರಿಯನ್ನು ಬೈಯುವವರು. ಮೂರನೆಯ ಗುಂಪಿನಲ್ಲಿ ಒಬ್ಬನೇ ಇದ್ದ, ಅದು ಅವನೇ. ಆದರೆ ಅವನ ಮಂಡಿ ಕೈಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಈಗ ಅವನ ಪಾಲಿಗೆ ಉಳಿದದ್ದು ಮೈಕು.

ವರ್ಷಕ್ಕೊಮ್ಮೆ ನಡೆಯುವ ಜಾಗತಿಕ ಸರಣಿ ಅದು. ಬೇಸಿಗೆಯ ಶುರುವಿನಿಂದ ಚಳಿ ಕಾಲಿಡುವ ತನಕ ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ತಂಡಗಳು ಗುಳೆ ಹೋಗುತ್ತವೆ. ಸುತ್ತು ಸುತ್ತಿಗೂ ಅಂಕ. ಕೊನೆಯ ಸುತ್ತು ಮುಗಿದಾಗ ಯಾರ ಅಂಕ ಹೆಚ್ಚೋ ಅವರು ಆ ವರ್ಷದ ಚಾಂಪಿಯನ್. ಎಲ್ಲ ಬೆಟ್ಟಗಳ ಬುಡದಲ್ಲೂ ಕಬ್ಬಿಣದ ಕೊಳವೆಗಳ ಅಟ್ಟಣಿಗೆ ಕಟ್ಟಿ, ಅದರ ಮೇಲೊಂದು ತಗಡಿನ ಗೂಡು ಇಡುತ್ತಾರೆ. ಅದರೊಳಗೆ ಮೂರು ಪರದೆ, ಎರಡು ಕುರ್ಚಿ, ಎರಡು ಮೈಕು. ಒಂದು ಕುರ್ಚಿ ಹಾಗಲಕಾಯಿಯದು. ಅವನ ಮಾತು ಟಿವಿಗೂ ಹೋಗುತ್ತದೆ, ಕೊನೆಯ ಕಾಡಿನಿಂದ ಕೆಳಕ್ಕೆ ದಾರಿಯುದ್ದಕ್ಕೂ ನಿಂತ ಜನಕ್ಕಾಗಿ ಕಂಬಗಳಿಗೆ ಕಟ್ಟಿದ ಧ್ವನಿವರ್ಧಕಕ್ಕೂ ಹೋಗುತ್ತದೆ.

ಹಾಗಲಕಾಯಿ ಅನ್ನುವ ಹೆಸರು ಕೊಟ್ಟವರು ಸವಾರರೇ. ಬೆನ್ನ ಹಿಂದೆ ಶುರುವಾದ ಹೆಸರು ಆಮೇಲೆ ಮುಖದ ಮುಂದೆಯೂ ಬಂತು, ಅವನೂ ಅದನ್ನು ಬಿರುದಿನಂತೆ ಹೊತ್ತುಕೊಂಡ. ಪಕ್ಕದ ಕುರ್ಚಿಯವನಿಗೆ ತಾನೇ ಒಂದು ಹೆಸರಿಟ್ಟ: ಜೇನುಬಾಟ್ಲಿ. ಪಾಪದ ಮನುಷ್ಯ, ಮೂವತ್ತರ ಆಸುಪಾಸಿನವನು. ಗೆದ್ದವರಿಗೂ ಅದ್ಭುತ, ಸೋತವರಿಗೂ ಅದ್ಭುತ, ಮುಳ್ಳಿನ ಪೊದೆಯೊಳಗೆ ತಲೆಕೆಳಗಾಗಿ ಬಿದ್ದವರಿಗೂ ಅದ್ಭುತ. ಹಸಿರಿಗೂ ಕೆಂಪಿಗೂ ಒಂದೇ ಸ್ವರದಲ್ಲಿ ಕಿರುಚುತ್ತಿದ್ದ. ಆ ತೆಳ್ಳನೆಯ ಗಂಟಲು ಮರಗಳ ನಡುವೆ ನುಗ್ಗಿದರೆ ಮಾತು ಉಳಿಯುತ್ತಿರಲಿಲ್ಲ, ಬರೀ ಕೀರಲು ಸದ್ದು.

ಹಸಿರು, ಕೆಂಪು ಅಂದರೆ ಏನೆಂದು ಹೇಳಿಬಿಡಬೇಕು. ಸವಾರರನ್ನು ಒಬ್ಬೊಬ್ಬರಾಗಿ ಬಿಡುತ್ತಾರೆ, ಜೊತೆಗೆ ಓಡುವುದು ಗಡಿಯಾರ ಮಾತ್ರ. ದಾರಿಯ ನಡುವೆ ಅಲ್ಲಲ್ಲಿ ಸಮಯ ಹಿಡಿಯುವ ಕಣ್ಣುಗಳಿರುತ್ತವೆ. ಅದುವರೆಗೆ ಮೊದಲ ಸ್ಥಾನದಲ್ಲಿರುವವರಿಗಿಂತ ಬೇಗ ಬಂದಿದ್ದರೆ ಪರದೆಯ ಮೇಲೆ ಹಸಿರು ಅಂಕಿ, ತಡವಾಗಿದ್ದರೆ ಕೆಂಪು. ಗೂಡಿನಲ್ಲಿ ಕೂತವರಿಗೆ ಇದು ಕಾಣುತ್ತದೆ, ಟಿವಿ ನೋಡುವವರಿಗೆ ಕಾಣುತ್ತದೆ. ಕಾಣದಿರುವುದು ಬೆಟ್ಟ ಇಳಿಯುತ್ತಿರುವವರಿಗೆ ಮಾತ್ರ.

ಕೆಂಪು ಬಿದ್ದರೆ ಹಾಗಲಕಾಯಿಯ ನಾಲಿಗೆಗೆ ಜೀವ ಬರುತ್ತಿತ್ತು. "ಈತ ಪ್ರತಿ ತಿರುವಿನ ಕ್ಷೇಮಸಮಾಚಾರ ವಿಚಾರಿಸಿ ಆಮೇಲೆ ತಿರುಗುತ್ತಿದ್ದಾನೆ" ಅನ್ನುತ್ತಿದ್ದ. "ಈ ವೇಗದಲ್ಲಿ ಬಂದರೆ ಟೈರು ಸವೆಯುವುದಿಲ್ಲ, ಮೊಮ್ಮಕ್ಕಳಿಗೂ ಆಗುತ್ತದೆ" ಅನ್ನುತ್ತಿದ್ದ. ಹಸಿರು ಬಿದ್ದರೆ ಬಾಯಿಗೆ ಬೀಗ. ಚೆನ್ನಾಗಿ ಇಳಿಯುವವರ ಬಗ್ಗೆ ಹೇಳುವುದಕ್ಕೆ ಅವನ ಹತ್ತಿರ ಏನೂ ಇರುತ್ತಿರಲಿಲ್ಲ. ಆಗ ಮಾತನ್ನು ಜೇನುಬಾಟ್ಲಿಗೆ ಬಿಟ್ಟು, ಬೆಚ್ಚನೆಯ ನೀರು ಗುಟುಕರಿಸುತ್ತ ಗಂಟಲಿಗೆ ವಿರಾಮ ಕೊಡುತ್ತಿದ್ದ. ಮೆಚ್ಚಿ ಒಂದು ಮಾತಾಡಿದರೆ ಆಸ್ತಿ ಕರಗುತ್ತದೇನೋ ಅನ್ನುವ ಹಾಗೆ.

ಈಗಿನವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಸೈಕಲ್ಲಿಗೆ ಮುಂದೊಂದು ಹಿಂದೊಂದು ಹಾಸಿಗೆಯಂಥ ಸ್ಪ್ರಿಂಗು, ಕೂರುವ ಸೀಟು ಗುಂಡಿ ಒತ್ತಿದರೆ ಕೆಳಗಿಳಿಯುತ್ತದೆ, ತಿನ್ನುವುದನ್ನೂ ಕುಡಿಯುವುದನ್ನೂ ಹೇಳಿಕೊಡಲು ಒಬ್ಬ ಬೇರೆ ಆಳು. ಮೇಲೆ ಹೋಗುವ ತನಕ ಮುಖಕ್ಕೆ ಕ್ಯಾಮೆರಾ ಹಿಡಿದುಕೊಂಡು ನಗು. ಕೆಳಗೆ ಬಂದ ಮೇಲೆ ಪ್ರಾಯೋಜಕರ ಟೋಪಿ ಹಾಕಿಕೊಂಡು ಇನ್ನೊಂದು ನಗು. ನಡುವೆ ಎಲ್ಲೋ ಒಂದಿಷ್ಟು ಸೈಕಲ್ಲು. ಮೊದಲ ಸ್ಥಾನದವರನ್ನು ಕೂರಿಸಲು ಮುಗಿಯುವ ಗೆರೆಯ ಪಕ್ಕ ಒಂದು ದೊಡ್ಡ ಕುರ್ಚಿ ಹಾಕುತ್ತಿದ್ದರು, ಅದರ ಮೈತುಂಬ ಕಂಪನಿಗಳ ಹೆಸರು. ಹಲ್ಲುಜ್ಜುವ ಪೇಸ್ಟಿನವರನ್ನೂ ಬಿಟ್ಟಿಲ್ಲ ಎಂದು ಅವನು ಒಮ್ಮೆ ಮೈಕಿನಲ್ಲೇ ಹೇಳಿ ನಿರ್ದೇಶಕನಿಂದ ಬೈಸಿಕೊಂಡಿದ್ದ.

ಇವರೆಲ್ಲರ ನಡುವೆ ಅವನ ಮಗಳೂ ಇದ್ದಳು.

ಮಗಳಿಗೆ ಸೈಕಲ್ಲು ಕಲಿಸಿದವನು ಅವನೇ. ಮನೆಯ ಹಿಂದಿನ ಕಲ್ಲಿನ ಮೆಟ್ಟಿಲ ಮೇಲೆ ಇಳಿಸಿ, ಬಿದ್ದರೆ ಎತ್ತದೆ, ಅತ್ತರೆ ನೋಡದೆ ಕಲಿಸಿದ. ಸರಣಿಗೆ ಬಂದ ಮೇಲೂ ಮೊದಲ ಕೆಲವು ವರ್ಷ ಅವಳ ತರಬೇತುದಾರ ಅವನೇ. ಒಂದು ದಿನ ಅವಳು, "ಅಪ್ಪಾ, ನಿಮ್ಮ ಹತ್ರ ಬೈಸ್ಕೊಂಡು ಬೈಸ್ಕೊಂಡು ನನಗೆ ಸೈಕಲ್ಲಿನ ಮೇಲೇ ಬೇಜಾರು ಬಂದಿದೆ" ಎಂದು ಹೇಳಿ ಬೇರೆ ತಂಡಕ್ಕೆ ಹೋದಳು. ಹೋದದ್ದಾದರೂ ಯಾರ ಹತ್ತಿರ? ಅವನು ಸೈಕಲ್ಲು ಓಡಿಸುತ್ತಿದ್ದ ಕಾಲದಲ್ಲಿ ಅವನ ಹಿಂದೆಯೇ ಬಂದು, ಅವನಿಗಿಂತ ಕಡಿಮೆ ಬಿದ್ದು, ಅವನಿಗಿಂತ ಹೆಚ್ಚು ಅಂಕ ಸೇರಿಸಿದ ಬೋಳನ ಹತ್ತಿರ. ಆಗ ಬೋಳನಿಗೆ ತಲೆತುಂಬ ಕೂದಲಿತ್ತು ಅನ್ನುವುದೊಂದೇ ವ್ಯತ್ಯಾಸ, ಬುದ್ಧಿ ಆಗಲೂ ಬೋಳೇ ಎಂದು ಹಾಗಲಕಾಯಿ ಹೇಳುತ್ತಿದ್ದ. ಅಂದಿನಿಂದ ಅಪ್ಪ ಮಗಳ ನಡುವೆ ಮಾತು ಅಂದರೆ ಊಟ ಆಯ್ತಾ, ಮಂಡಿ ಹೇಗಿದೆ, ಅಷ್ಟೆ.

ಆ ವರ್ಷದ ಮೊದಲ ಸುತ್ತಿನಲ್ಲಿ ಮಗಳು ಮೇಲಿನ ಕಣ್ಣಿನಲ್ಲಿ ಕೆಂಪು, ನಡುವಿನ ಕಣ್ಣಿನಲ್ಲೂ ಕೆಂಪು. ಜೇನುಬಾಟ್ಲಿ ಓರೆಗಣ್ಣಿನಿಂದ ಇವನನ್ನು ನೋಡಿದ. ಸ್ವಂತ ಮಗಳ ಮೇಲೆ ಏನು ಹೇಳುತ್ತಾನೋ ನೋಡೋಣ ಅನ್ನುವ ಆಸೆ ಅವನಿಗೆ. ಹಾಗಲಕಾಯಿ ಮೈಕಿನ ಹತ್ತಿರ ಬಾಯಿ ತಂದ. "ಆ ಬಂಡೆ ಅಲ್ಲೇ ಇರುತ್ತಮ್ಮಾ, ಓಡಿ ಬಂದು ಕಚ್ಚುವುದಿಲ್ಲ. ಅದಕ್ಕೆ ದಾರಿ ಬಿಟ್ಟು ನಿಲ್ಲಬೇಡ." ಜನ ಗೊಳ್ಳೆಂದರು. ಮಗಳು ಕೊನೆಯ ಕಾಡು ದಾಟಿ ಬಯಲಿಗೆ ಬಂದಾಗ ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದಂತೆ ತುಳಿಯುತ್ತಿದ್ದಳು. ಮೂರನೆಯ ಸ್ಥಾನ ಸಿಕ್ಕಿತು.

ಹಾಗೆಯೇ ಮುಂದಿನ ಸುತ್ತುಗಳೂ ನಡೆದವು. ಮೇಲೆ ಸುಮಾರಾಗಿ ಇಳಿದು, ಕೆಳಗಿನ ಭಾಗದಲ್ಲಿ ಕಳೆದದ್ದನ್ನೆಲ್ಲ ಕಿತ್ತುಕೊಂಡು ಬರುತ್ತಿದ್ದಳು. ಒಂದು ಸುತ್ತಿನಲ್ಲಿ ನಡುವಿನ ಕಣ್ಣಿನಲ್ಲೇ ಹಸಿರು ಬಿತ್ತು, ಅವನು ನೀರು ಕುಡಿಯುತ್ತ ಕೂತ, ಅವಳು ಕೊನೆಯ ಭಾಗವನ್ನು ಎಚ್ಚರದಿಂದ ಇಳಿದು ಗೆದ್ದಳು. ಕೊನೆಯ ಭಾಗದ ರಾಣಿ ಎಂದು ಪತ್ರಿಕೆಯವರು ಬರೆದರು. ಎಲ್ಲ ಬೋಳ ಗುರುವಿನ ತರಬೇತಿಯ ಮಹಿಮೆ ಎಂದೂ ಬರೆದರು. ಹಾಗಲಕಾಯಿ ಅದನ್ನು ಓದಿ ಹಲ್ಲು ಕಡಿದ.

ಸರಣಿಯ ನಡುವೆ ಬಿಡುವು ಸಿಕ್ಕಿತು. ಮನೆಗೆ ಬಂದ. ಅವನ ಹೆಂಡತಿ ಹಲ್ಲಿನ ದವಾಖಾನೆಯಲ್ಲಿ ಡಾಕ್ಟರಿಗೆ ಸಹಾಯಕಿ. ದಿನವಿಡೀ ಊರವರ ಬಾಯಿ ತೆರೆಸುವುದು ಅವಳ ಕೆಲಸ, ಮನೆಯಲ್ಲಿ ಒಂದು ಬಾಯಿ ಮುಚ್ಚಿಸುವುದು ಮಾತ್ರ ಅವಳ ಕೈಲಿ ಆಗಲಿಲ್ಲ. ಅವಳು ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇವನು ಪಕ್ಕದಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಬೋಳನ ಕಥೆ ತೆಗೆದ.

"ಮೇಲಿನ ಭಾಗದಲ್ಲಿ ಮಗು ಅಂಬೆಗಾಲಿಟ್ಟ ಹಾಗೆ ಇಳೀತಾಳೆ. ಅದನ್ನ ತಿದ್ದೋಕಾಗಿಲ್ಲ ಅವನ ಕೈಲಿ. ಇವನೊಬ್ಬ ಗುರು."

"ಕೆಳಗಿನ ಭಾಗದಲ್ಲಿ ಚೆನ್ನಾಗಿ ಬರ್ತಾಳಲ್ಲ, ಅದು ಯಾಕೆ ಅಂತ ಗೊತ್ತಾ ನಿಮಗೆ?"

"ಬೋಳ ಹೇಳ್ಕೊಟ್ಟಿರ್ತಾನೆ. ಪೇಪರಿನವರು ಬರೆದಿದಾರಲ್ಲ."

"ಹೇಳ್ಕೊಡೋದು ನೀವು" ಎಂದಳು ಹೆಂಡತಿ.

ಅವನು ಎಣ್ಣೆ ಕೈಯನ್ನು ಹಾಗೇ ಹಿಡಿದು ನೋಡಿದ. ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ರೀ, ಕೊನೇ ಕಾಡಿನೊಳಕ್ಕೆ ಬರ್ತಿದ್ದ ಹಾಗೆ ನಿಮ್ಮ ದನಿ ಅವಳಿಗೆ ಕೇಳುತ್ತಂತೆ. ಆ ಇನ್ನೊಬ್ಬಂದು ಏನೂ ತಿಳಿಯಲ್ವಂತೆ, ನಿಮ್ಮದು ಮಾತ್ರ ಒಂದೊಂದು ಮಾತೂ ತಿಳಿಯುತ್ತಂತೆ. ನೀವು ಬೈತಾ ಇದ್ರೆ ತಾನು ಹಿಂದಿದೀನಿ ಅಂತ ಲೆಕ್ಕ. ಆಗ ಜೀವದ ಆಸೆ ಬಿಟ್ಟು ನುಗ್ಗುತಾಳೆ. ನೀವು ಸುಮ್ಮನಿದ್ರೆ ಮುಂದಿದೀನಿ ಅಂತ ಲೆಕ್ಕ. ಆಗ ಬೀಳದ ಹಾಗೆ ನೋಡ್ಕೊಂಡು ಬರ್ತಾಳೆ. ಗಡಿಯಾರ ಬೇಕಾದ್ರೆ ಕೆಡುತ್ತೆ ಅಮ್ಮಾ, ಅಪ್ಪನ ಬಾಯಿ ಕೆಡಲ್ಲ ಅಂತಾಳೆ."

ಹಾಗಲಕಾಯಿಗೆ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಅಳೆದು ತೂಗಿ ಆಡಿದ ಮಾತನ್ನು ಹುಡುಗಿ ಸಿಗ್ನಲ್ಲಿನ ಕೆಂಪು ಹಸಿರಿನಂತೆ ಬಳಸಿಕೊಂಡಿದ್ದಾಳೆ! ಆಮೇಲೆ ಆ ಸಿಟ್ಟಿನ ಅಡಿಯಿಂದಲೇ ಒಂದು ಖುಷಿ ಎದ್ದು ಬಂತು. ಅದನ್ನು ಹೆಂಡತಿಗೆ ತೋರಿಸಬಾರದೆಂದು ಮತ್ತೆ ಮಂಡಿ ತಿಕ್ಕತೊಡಗಿದ.

"ಹೇಳ್ಬೇಡ ಅಂದಿದ್ಲು ಕಣ್ರೀ, ಬಾಯಿ ತಪ್ಪಿ ಬಂತು. ನಿಮಗೆ ಗೊತ್ತು ಅಂತ ಅವಳಿಗೆ ಗೊತ್ತಾಗಬಾರದು. ಗೊತ್ತಾದ್ರೆ ಮುಂದೆ ನಿಮ್ಮ ಮಾತು ನಂಬಲ್ಲ ಅವಳು."

"ನನಗ್ಯಾಕೆ ಬೇಕು ಅವರಿವರ ಗುಟ್ಟು" ಎಂದ ಹಾಗಲಕಾಯಿ.

ಆದರೆ ಮುಂದಿನ ಸುತ್ತಿಗೆ ಹೋಗುವಾಗ ಅವನು ಬೇರೆ ಮನುಷ್ಯನಾಗಿದ್ದ. ತಗಡಿನ ಗೂಡಿನ ಏಣಿ ಹತ್ತುವಾಗ ಮಂಡಿ ನೋವು ಗೊತ್ತಾಗಲಿಲ್ಲ. ತಾನೇ ತಂಡದ ಗುಟ್ಟಿನ ಗುರು. ಬೋಳ ಸಂಬಳ ತೆಗೆದುಕೊಂಡು ಟೋಪಿ ಹಾಕಿಕೊಂಡು ನಿಲ್ಲುತ್ತಾನೆ, ಓಡಿಸುವವನು ಇಲ್ಲಿ ಕೂತಿದ್ದಾನೆ! ಮಗಳ ಸರದಿ ಬಂದಾಗ ನಡುವಿನ ಕಣ್ಣಿನಲ್ಲಿ ಕೆಂಪು, ಅದೂ ದೊಡ್ಡ ಕೆಂಪು. ಅವಳು ಕಾಡು ಹೊಗುವ ತನಕ ಕಾದು, ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಸಿ ಹೇಳಿದ: "ಇಲ್ಲೊಬ್ಬರು ಗಾಳಿ ಸೇವನೆಗೆ ಬಂದಂತಿದೆ. ಮರಗಳ ಹೆಸರು ಕೇಳಿಕೊಂಡು ನಿಧಾನವಾಗಿ ಬನ್ನಿ, ಬಹುಮಾನ ಹೇಗೂ ಬೇರೆಯವರಿಗೆ ಕೊಟ್ಟಾಗಿದೆ." ಹುಡುಗಿ ಕಾಡಿನಿಂದ ಹೊರಬಿದ್ದ ರೀತಿ ನೋಡಿ ದಾರಿ ಪಕ್ಕದ ಜನ ಹಿಂದೆ ಸರಿದರು. ಗೆದ್ದಳು. ಜೇನುಬಾಟ್ಲಿ ಅದ್ಭುತ ಅದ್ಭುತ ಎಂದು ಕುರ್ಚಿಯಿಂದ ಎದ್ದೇಬಿಟ್ಟ. ಹಾಗಲಕಾಯಿ ಮೇಜಿನ ಅಡಿಯಲ್ಲಿ ಮುಷ್ಟಿ ಬಿಗಿದುಕೊಂಡು ನಕ್ಕ.

ಹೆಂಡತಿಗೆ ಫೋನು ಮಾಡಿದ. "ನೋಡಿದ್ಯಾ? ನಾನೇ ಗೆಲ್ಲಿಸಿದ್ದು."

"ಬೈದಿದ್ದು ನೀವು. ತುಳಿದಿದ್ದು ಅವಳು" ಎಂದಳು ಹೆಂಡತಿ.

ಆ ಮಾತು ಅವನಿಗೆ ಹಿಡಿಸಲಿಲ್ಲ. ಅದಕ್ಕಿಂತ ಹಿಡಿಸದೆ ಹೋದದ್ದು ಮಗಳು ಗೆದ್ದ ಮೇಲೆ ಆಡಿದ ಮಾತು. ಕಂಪನಿಗಳ ಹೆಸರು ಬರೆದ ಪರದೆಯ ಮುಂದೆ ನಿಂತು ಅವಳು ಬೋಳ ಸರ್‌ಗೆ ಕೃತಜ್ಞತೆ ಹೇಳಿದಳು. ಸೈಕಲ್ಲು ರಿಪೇರಿಯವನಿಗೆ ಹೇಳಿದಳು. ಮೈ ತಿಕ್ಕುವವಳಿಗೆ, ಅಮ್ಮನಿಗೆ, ಕಡೆಗೆ ಪೇಸ್ಟಿನ ಕಂಪನಿಗೂ ಹೇಳಿದಳು. ಅಪ್ಪನ ಹೆಸರು ಬರಲಿಲ್ಲ. ಗುಟ್ಟು ಗುಟ್ಟಾಗಿ ಇರಬೇಕಾದ್ದರಿಂದ ಬರುವ ಹಾಗೂ ಇರಲಿಲ್ಲ, ಅಷ್ಟು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯಿತು. ಪೇಸ್ಟಿಗಿಂತ ಕಡೆಯಾದೆನೇ ನಾನು ಎಂದುಕೊಂಡ.

ಕೊನೆಯ ಸುತ್ತಿನ ಹೊತ್ತಿಗೆ ಚಾಂಪಿಯನ್ ಪಟ್ಟ ಇಬ್ಬರ ನಡುವೆ ಉಳಿದಿತ್ತು. ಒಬ್ಬಳು ಮಗಳು. ಇನ್ನೊಬ್ಬಳು ಕೆಂಪು ಕೂದಲನ್ನು ಜಡೆ ಹೆಣೆದು ಶಿರಸ್ತ್ರಾಣದ ಹಿಂದೆ ಇಳಿಬಿಡುತ್ತಿದ್ದವಳು, ಹೋದ ವರ್ಷದ ಚಾಂಪಿಯನ್. ಅವರಿಬ್ಬರಲ್ಲಿ ಆ ದಿನ ಯಾರು ಮುಂದೆ ಬರುತ್ತಾರೋ ಅವರಿಗೇ ಪಟ್ಟ. ಹಾಗಲಕಾಯಿಯ ಕಾಲದಲ್ಲಿ ಆ ಪಟ್ಟ ಅವನಿಗೆ ಸಿಕ್ಕಿರಲಿಲ್ಲ. ಎರಡನೆಯವನಾಗಿ ಮುಗಿಸಿದ ವರ್ಷಗಳು ಬೇಕಾದಷ್ಟಿದ್ದವು, ಅವನ್ನು ಅವನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ.

ಹಿಂದಿನ ದಿನ ಎಲ್ಲರೂ ದಾರಿಯನ್ನು ನಡೆದು ನೋಡುವುದು ವಾಡಿಕೆ. ಯಾವ ಬೇರಿನ ಮೇಲೆ ಚಕ್ರ ಇಡಬೇಕು, ಯಾವ ಕಲ್ಲು ಅಲುಗಾಡುತ್ತದೆ ಎಂದು ಕಾಲಿನಿಂದ ಒತ್ತಿ ಒತ್ತಿ ನೋಡುತ್ತಾರೆ. ಹಾಗಲಕಾಯಿಯೂ ಕುಂಟುತ್ತ ಹೋದ. ಕೊನೆಯ ಕಾಡು ಮುಗಿಯುವಲ್ಲಿ ಒಂದು ಒಣಗಿದ ಹಳ್ಳ. ಎಡಕ್ಕೆ ಹೋದರೆ ಮಣ್ಣಿನ ದಿಬ್ಬದಿಂದ ಎಗರಿ ಹಳ್ಳವನ್ನು ಗಾಳಿಯಲ್ಲೇ ದಾಟಿ ಆಚೆ ದಿಬ್ಬದ ಇಳಿಜಾರಿನ ಮೇಲೆ ಇಳಿಯಬೇಕು. ಬಲಕ್ಕೆ ಹೋದರೆ ಮರದ ಸೇತುವೆ. ಸೇತುವೆಯ ದಾರಿಯಲ್ಲಿ ಹೆಚ್ಚು ಕಡಿಮೆ ಒಂದು ಸೆಕೆಂಡು ನಷ್ಟ, ಆದರೆ ಬೀಳುವ ಭಯವಿಲ್ಲ. ಅಲ್ಲಿ ಬೋಳ ನಿಂತಿದ್ದ, ಪಕ್ಕದಲ್ಲಿ ಮಗಳು.

"ಏನಯ್ಯಾ, ಸೇತುವೆ ಅಳೀತಿದೀಯಾ?" ಎಂದ ಹಾಗಲಕಾಯಿ.

ಬೋಳ ನಕ್ಕ. ಅವನಿಗೆ ಸಿಟ್ಟು ಬರುತ್ತಲೇ ಇರಲಿಲ್ಲ, ಅದೊಂದು ದೊಡ್ಡ ಕಾಯಿಲೆ. "ಮೇಲೆ ಚೆನ್ನಾಗಿ ಬಂದ್ರೆ ಸೇತುವೆ ಸಾಕು. ಆಗದೆ ಹೋದ್ರೆ ಎಗರೋದು. ಅಲ್ಲಿಗೆ ಬಂದಾಗ ಅವಳೇ ತೀರ್ಮಾನ ಮಾಡ್ತಾಳೆ."

"ಅಲ್ಲಿಗೆ ಬಂದಾಗ ಅವಳಿಗೆ ಹೇಗಪ್ಪಾ ಗೊತ್ತಾಗುತ್ತೆ, ಮುಂದಿದೀನೋ ಹಿಂದಿದೀನೋ ಅಂತ?"

"ಅದೇನೋ ಗೊತ್ತಾಗುತ್ತಂತೆ ಅವಳಿಗೆ" ಎಂದ ಬೋಳ. ಮಗಳು ಬಗ್ಗಿ ಶೂಸಿನ ದಾರ ಬಿಗಿ ಮಾಡಿಕೊಂಡಳು. ಬೋಳನಿಗೂ ಅವಳು ಹೇಳಿಲ್ಲ ಅನ್ನುವುದು ಹಾಗಲಕಾಯಿಗೆ ಖಾತ್ರಿಯಾಯಿತು.

"ಸೇತುವೆ ತಳ್ಳುಗಾಡಿಯವರಿಗೆ" ಎಂದು ಹೇಳಿ ಮುಂದೆ ಕುಂಟಿದ.

"ಅಪ್ಪಾ, ಮಂಡಿ ಹೇಗಿದೆ?" ಎಂದು ಮಗಳು ಹಿಂದಿನಿಂದ ಕೇಳಿದಳು.

"ಇದೆ" ಎಂದ.

ಮರುದಿನ ಕೆಂಪು ಜಡೆಯವಳು ಮಗಳಿಗಿಂತ ಮೊದಲು ಇಳಿದಳು. ಒಳ್ಳೆಯ ಇಳಿತವೇ. ಎಲ್ಲ ಕಣ್ಣುಗಳಲ್ಲೂ ಹಸಿರು, ಕೊನೆಯಲ್ಲಿ ಹಳ್ಳವನ್ನು ಎಗರಿಯೇ ದಾಟಿದಳು. ಹಾಗಲಕಾಯಿ ನೀರು ಕುಡಿಯುತ್ತ ಕೂತ. ಅವಳು ಹೋಗಿ ಆ ದೊಡ್ಡ ಕುರ್ಚಿಯಲ್ಲಿ ಕೂತು ಮೇಲಿನ ಪರದೆಯ ಕಡೆ ಕತ್ತು ಎತ್ತಿದಳು. ಈಗ ಬೆಟ್ಟದ ಮೇಲೆ ಉಳಿದವಳು ಮಗಳೊಬ್ಬಳೇ.

ಮಗಳು ಹೊರಟಳು. ಮೇಲಿನ ಕಲ್ಲುಗಳ ಭಾಗದಲ್ಲಿ, ಇಡೀ ವರ್ಷ ಅಂಬೆಗಾಲಿಟ್ಟ ಜಾಗದಲ್ಲಿ, ಅವಳು ಅಂದು ಹರಿದು ಬಂದಳು. ಬೇರೆ ಮಾತಿಲ್ಲ ಅದಕ್ಕೆ. ಎಲ್ಲಿ ಬ್ರೇಕು ಬಿಡಬೇಕೋ ಅಲ್ಲಿ ಬಿಟ್ಟಳು, ಎಲ್ಲಿ ಮೈ ಹಗುರ ಮಾಡಬೇಕೋ ಅಲ್ಲಿ ಮಾಡಿದಳು. ಬೋಳ ಆ ಭಾಗವನ್ನು ತಿದ್ದಿದ್ದ, ಸದ್ದಿಲ್ಲದೆ ತಿದ್ದಿಬಿಟ್ಟಿದ್ದ. ಹಾಗಲಕಾಯಿಗೆ ಅದು ಮೊದಲ ನೋಟಕ್ಕೇ ತಿಳಿಯಿತು. ತಾನು ಬೈದು ಬೈದು ಕಲಿಸಲಾಗದ್ದನ್ನು ಅವನು ನಕ್ಕು ಕಲಿಸಿದ್ದಾನೆ. ಅವನ ಎದೆ ಎರಡು ಕಡೆ ಎಳೆದಂತಾಯಿತು. ಒಂದು ಕಡೆ ಮಗಳ ಮೇಲಿನ ಹೆಮ್ಮೆ, ಇನ್ನೊಂದು ಕಡೆ ಬೋಳನ ಮೇಲಿನ ಉರಿ. ಮೊದಲ ಕಣ್ಣು ಹಸಿರು. ನಡುವಿನ ಕಣ್ಣು ಹಸಿರು. ಕಾಡಿಗೆ ಮುಂಚಿನ ಕೊನೆಯ ಕಣ್ಣಿನಲ್ಲಿ ಒಂದೂವರೆ ಸೆಕೆಂಡಿನಷ್ಟು ಹಸಿರು.

ಸೇತುವೆಯಲ್ಲಿ ಹೋದರೂ ಗೆಲುವು. ಅವನು ಮಾಡಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಅದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಇಲ್ಲ. ಜೇನುಬಾಟ್ಲಿ ಪಕ್ಕದಲ್ಲಿ ಕೀರುತ್ತಿದ್ದ. ಹಾಗಲಕಾಯಿ ನೀರಿನ ಬಾಟಲಿಗೆ ಕೈ ಹಾಕಿದ.

ಆಗ ಪರದೆಯ ಮೂಲೆಯಲ್ಲಿ ಬೋಳ ಕಂಡ. ಗೆರೆಯ ಪಕ್ಕ ನಿಂತು ಎರಡೂ ಕೈಯನ್ನು ಕೆಳಗೆ ಒತ್ತಿ ಒತ್ತಿ ತೋರಿಸುತ್ತಿದ್ದ, ನಿಧಾನ, ನಿಧಾನ, ಸೇತುವೆ, ಸೇತುವೆ ಅನ್ನುವ ಹಾಗೆ. ಕಾಡಿನೊಳಗಿರುವವಳಿಗೆ ಅದು ಕಾಣುವುದಿಲ್ಲ ಅನ್ನುವಷ್ಟು ಬುದ್ಧಿಯೂ ಇಲ್ಲ. ನಾಳೆ ಪತ್ರಿಕೆಯಲ್ಲಿ ಅವನ ಫೋಟೋ ಬರುತ್ತದೆ. ಲೆಕ್ಕ ಹಾಕಿ ಗೆದ್ದ ಗೆಲುವು, ಸೇತುವೆ ದಾಟಿ ಗೆದ್ದ ಗೆಲುವು, ಬೋಳನ ಗೆಲುವು. ಕುರ್ಚಿಯಲ್ಲಿ ಕೂತಿರುವ ಆ ಕೆಂಪು ಜಡೆಯವಳು ಎಗರಿದ ಹಳ್ಳವನ್ನು ತನ್ನ ಮಗಳು ತಳ್ಳುಗಾಡಿಯವಳ ಹಾಗೆ ದಾಟುವುದೇ? ಇಷ್ಟು ಚೆನ್ನಾಗಿ ಇಳಿದವಳು! ಇಂಥ ದಿನ ಇನ್ನೊಮ್ಮೆ ಬರುತ್ತದೆಯೇ? ಎಗರಿ ಗೆದ್ದರೆ ಮುಂದೆ ಯಾರೂ ಬಾಯಿ ಎತ್ತುವುದಿಲ್ಲ. ಎಗರಿ ಗೆದ್ದರೆ ಅದು ತನ್ನ ಮಗಳ ಗೆಲುವು.

ತನ್ನ ಗೆಲುವು ಎಂದು ಅವನು ಅಂದುಕೊಳ್ಳಲಿಲ್ಲ. ಆದರೆ ಅಲ್ಲಿ ಇದ್ದದ್ದು ಅದೇ.

ಮೈಕು ಹತ್ತಿರಕ್ಕೆ ಎಳೆದುಕೊಂಡ. "ಸೇತುವೆ ಇದೆಯಮ್ಮಾ" ಎಂದ, ನಿಧಾನವಾಗಿ, ಒಂದೊಂದು ಅಕ್ಷರವೂ ಮರಗಳ ನಡುವೆ ನಿಲ್ಲುವ ಹಾಗೆ. "ಕಂಬಿ ಹಿಡಿದುಕೊಂಡು ಹುಷಾರಾಗಿ ದಾಟು. ಗೆದ್ದವರಿಗೆ ಚಪ್ಪಾಳೆ ತಟ್ಟುವ ಹೊತ್ತಿಗೆ ಸರಿಯಾಗಿ ಬರುತ್ತೀಯ."

ಜೇನುಬಾಟ್ಲಿ ಕಿರುಚುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದ.

ಪರದೆಯ ಮೇಲೆ ಮಗಳು ಒಂದು ಗಳಿಗೆ ತಲೆ ಎತ್ತಿದಂತಾಯಿತು. ಬಲಕ್ಕೆ ವಾಲಿದ್ದ ಸೈಕಲ್ಲು ಎಡಕ್ಕೆ ಹೊರಳಿತು. ಹೊರಳಿದ್ದು ತಡವಾಗಿತ್ತು. ದಿಬ್ಬಕ್ಕೆ ನೇರವಾಗಿ ಬರಬೇಕಾದ ಚಕ್ರ ಓರೆಯಾಗಿ ಬಂತು, ಬೇಕಾದಷ್ಟು ವೇಗ ಇರಲಿಲ್ಲ. ಎಗರಿದಳು. ಮುಂದಿನ ಚಕ್ರ ಆಚೆ ದಿಬ್ಬದ ಅಂಚಿಗೆ ಬಡಿಯಿತು, ಸೈಕಲ್ಲು ಒಂದು ಕಡೆ ಹೋಯಿತು, ಅವಳು ಭುಜದ ಮೇಲೆ ಬಿದ್ದು ಹಳ್ಳದೊಳಕ್ಕೆ ಉರುಳಿದಳು. ಜನರ ಗದ್ದಲ ಒಮ್ಮೆಲೇ ನಿಂತುಹೋಯಿತು. ಅವಳು ಏಳಲು ನೋಡಿದಳು, ಒಂದು ಕೈ ಊರಲಾಗದೆ ಮತ್ತೆ ಕೂತಳು. ಕೆಂಪು ಜಡೆಯವಳು ಕುರ್ಚಿಯಿಂದ ಎದ್ದು, ನಗಬೇಕೋ ಬೇಡವೋ ತಿಳಿಯದೆ, ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಟ್ಟ ಅವಳದಾಯಿತು.

"ಸರ್" ಎಂದ ಜೇನುಬಾಟ್ಲಿ, ಮೈಕಿಗೆ ಕೈ ಅಡ್ಡ ಹಿಡಿದು. "ಹಸಿರು ಇತ್ತಲ್ಲ ಸರ್?"

ಹಾಗಲಕಾಯಿ ಹೆಡ್‌ಫೋನು ತೆಗೆದಿಟ್ಟ. ನಿರ್ದೇಶಕ ಅದರೊಳಗಿಂದ ಏನೋ ಕೂಗುತ್ತಿದ್ದ. ಏಣಿ ಇಳಿಯುವಾಗ ಮಂಡಿ ಎರಡು ಸಲ ಕೊಸರಿತು, ಕಂಬಿ ಹಿಡಿದುಕೊಂಡು ನಿಂತು ಇಳಿದ.

ಚಿಕಿತ್ಸೆಯ ಡೇರೆಯಲ್ಲಿ ಮಡಚುವ ಮಂಚದ ಮೇಲೆ ಮಗಳನ್ನು ಕೂರಿಸಿದ್ದರು. ಕಾಲರ್‌ಬೋನು ಮುರಿದಿದೆ ಎಂದು ಡಾಕ್ಟರಮ್ಮ ಹೇಳಿದಳು, ಬೇರೆ ಏನೂ ಆಗಿಲ್ಲ, ಪುಣ್ಯ. ಕೈಯನ್ನು ಎದೆಗೆ ಕಟ್ಟಿದ್ದರು. ಮುಖದ ತುಂಬ ಮಣ್ಣು, ಕನ್ನಡಕ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಬೋಳ ಅವಳ ಕಾಲ ಬಳಿ ಕೂತು ಒಂದು ಶೂಸು ಬಿಚ್ಚುತ್ತಿದ್ದ. ಅವಳು ಮುಂದಿದ್ದಳು ಅನ್ನುವುದು ಅವನಿಗೆ ಗೊತ್ತಿತ್ತು. ಅವನಿನ್ನೂ ಹೇಳಿರಲಿಲ್ಲ ಅನ್ನುವುದು ಅವನು ತಲೆ ಎತ್ತದೆ ಇದ್ದದ್ದರಿಂದ ತಿಳಿಯುತ್ತಿತ್ತು.

ಮಗಳು ಅಪ್ಪನನ್ನು ನೋಡಿದಳು. ಅಳುತ್ತಿರಲಿಲ್ಲ.

"ಎಷ್ಟು ಹಿಂದಿದ್ದೆ ಅಪ್ಪಾ?" ಎಂದು ಕೇಳಿದಳು.

ಹಾಗಲಕಾಯಿ ಡೇರೆಯ ಬಾಗಿಲಲ್ಲೇ ನಿಂತಿದ್ದ. ಸ್ವಲ್ಪ ಎಂದು ಹೇಳಬಹುದಿತ್ತು. ಬೋಳ ಸುಮ್ಮನಿರುತ್ತಿದ್ದ, ಅವನು ಅಂಥವನೇ. ಆದರೆ ಸಂಜೆ ಟಿವಿಯಲ್ಲಿ ಮತ್ತೆ ತೋರಿಸುತ್ತಾರೆ, ಹಸಿರು ಅಂಕಿ ಹಲ್ಲು ಕಿರಿದುಕೊಂಡು ಕಾಣುತ್ತದೆ.

"ಹಿಂದಿರಲಿಲ್ಲ" ಎಂದ.

ಅವಳಿಗೆ ಅರ್ಥವಾಗಲಿಲ್ಲ. "ನೀವು ಬೈದ್ರಲ್ಲ."

"ಮುಂದಿದ್ದೆ. ಒಂದೂವರೆ ಸೆಕೆಂಡು ಮುಂದಿದ್ದೆ."

ಬೋಳನ ಕೈ ಶೂಸಿನ ಮೇಲೆ ನಿಂತಿತು. ಡಾಕ್ಟರಮ್ಮ ಯಾರ ಮನೆಯ ವಿಷಯವೋ ಎಂಬಂತೆ ಆಚೆ ತಿರುಗಿ ಪಟ್ಟಿ ಸುತ್ತತೊಡಗಿದಳು.

"ನಾನು ಕೇಳಿಸ್ಕೊಳ್ತೀನಿ ಅಂತ ಅಮ್ಮ ಹೇಳಿಬಿಟ್ಲಾ?"

"ಹೇಳಿದ್ಲು. ರಜದಲ್ಲಿ."

"ಹಾಗಾದ್ರೆ ಗೊತ್ತಿದ್ದೇ ಬೈದ್ರಿ."

"ಎಗರಲಿ ಅಂತ" ಎಂದ ಹಾಗಲಕಾಯಿ. "ನೀನು ಎಗರ್ತೀಯ ಅಂತ... ಅಷ್ಟು ಚೆನ್ನಾಗಿ ಇಳೀತಿದ್ದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಇಳಿದಿಲ್ಲ ಕಣಮ್ಮಾ."

ಮಗಳಿಗೆ ಅವನು ಹೇಳಿದ ಮೊದಲ ಒಳ್ಳೆಯ ಮಾತು ಅದು. ಹೇಳಿದ ಕೂಡಲೇ ಅವನಿಗೂ ಅದು ತಿಳಿಯಿತು. ಈಗ ಅವಳು ಕೂಗಾಡುತ್ತಾಳೆ, ಬೈಯುತ್ತಾಳೆ ಎಂದು ಕಾದ. ಬೈಗುಳಕ್ಕಾದರೆ ಅವನ ಹತ್ತಿರ ಉತ್ತರವಿತ್ತು. ಇಪ್ಪತ್ತು ವರ್ಷ ಅದನ್ನೇ ತಿಂದು ಅದನ್ನೇ ಉಗುಳಿದ ಮನುಷ್ಯ. ಬೈಯಲಿ, ಮುಖಕ್ಕೆ ಉಗಿಯಲಿ, ಇನ್ನು ನನ್ನ ಕಣ್ಣಿಗೆ ಬೀಳಬೇಡಿ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಮಗಳು ಅವನ ಮುಖ ನೋಡಿದಳು. ಆಮೇಲೆ ಅವನ ಕೈ ನೋಡಿದಳು. ಅವನು ಡೇರೆಯ ಬಟ್ಟೆ ಹಿಡಿದುಕೊಂಡಿದ್ದ, ಆ ಬಟ್ಟೆ ಅದುರುತ್ತಿತ್ತು. ಅವಳ ಮುಖದಲ್ಲಿದ್ದ ಸಿಟ್ಟು ಅಷ್ಟಷ್ಟೇ ಇಳಿದುಹೋಯಿತು. ಬೀದಿಯಲ್ಲಿ ದಾರಿ ತಪ್ಪಿ ನಿಂತ ಯಾರೋ ಮುದುಕನನ್ನು ನೋಡುವ ಹಾಗೆ ನೋಡಿ, ಬೋಳನ ಕಡೆ ತಿರುಗಿದಳು.

"ಸರ್, ಇವರನ್ನ ಹೊರಗೆ ಕರ್ಕೊಂಡು ಹೋಗಿ ಒಂದು ಕಡೆ ಕೂರಿಸಿ. ಏನಾದ್ರೂ ಕುಡಿಯೋಕೆ ಕೊಡಿ. ಪಾಪ, ಕೈ ನಡುಗ್ತಿದೆ."

ಬೋಳ ಎದ್ದು ಬಂದ. ಹಾಗಲಕಾಯಿಯ ತೋಳು ಹಿಡಿದುಕೊಂಡ. ಅವನು ಕೈ ಕೊಡವಿಕೊಳ್ಳಲಿಲ್ಲ. ಬೋಳ ನಡೆಸಿದ ಕಡೆ ನಡೆದ.